ಥರ್ಮೋಕಪಲ್ ಜಾಗಕ್ಕೆ ಗಾಜಿನ ಎಳೆ: ಬರ್ನರ್ ಸೇವೆಯ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ನಮಸ್ಕಾರ. ನಿಮ್ಮ ಸೇವಾ ಒಪ್ಪಂದದ ಮುಂದಿನ ನವೀಕರಣದಿಂದ, ಬಾಯ್ಲರ್, ಫರ್ನೇಸ್‌ಗಳ ಬರ್ನರ್‌ಗಳ ತಾಪಮಾನವನ್ನು ನಾವು ಅಳೆಯುವ ವಿಧಾನ ಬದಲಾಗುತ್ತಿದೆ. ಈವರೆಗೆ ಬರ್ನರ್ ಮೈಗೆ ಒಂದೋ ಎರಡೋ ಥರ್ಮೋಕಪಲ್ (ಕಾವನ್ನು ವೋಲ್ಟೇಜ್ ಆಗಿ ತೋರಿಸುವ ತಂತಿಜೋಡಿ) ಕೂರಿಸಿ, ಮೂರು ತಿಂಗಳಿಗೊಮ್ಮೆ ಬಂದು ನೋಡಿಕೊಂಡು ಹೋಗುತ್ತಿದ್ದೆವು. ಇನ್ನು ಮುಂದೆ ದೊಡ್ಡ ಬರ್ನರ್‌ಗಳಲ್ಲಿ ಆ ಕೆಲಸವನ್ನು ಆಪ್ಟಿಕಲ್ ಫೈಬರ್, ಅಂದರೆ ಬೆಳಕು ಸಾಗಿಸುವ ಗಾಜಿನ ಎಳೆ, ಮಾಡುತ್ತದೆ. ನಾವು ಯಾವಾಗ ಬರಬೇಕೆಂಬುದನ್ನು ಕ್ಯಾಲೆಂಡರ್ ಬದಲು ಅದರ ದಾಖಲೆ ಹೇಳುತ್ತದೆ. ದರಪಟ್ಟಿ ಜೊತೆಗಿರುವ ಹಾಳೆಯಲ್ಲಿದೆ. ದರ ಏರಿದ್ದೇಕೆ ಎಂದು ಫೋನಿನಲ್ಲಿ ಕೇಳಿದವರಿಗೆಲ್ಲ ಈ ಪತ್ರವೇ ಉತ್ತರ.

ಪ್ಯಾನೆಲ್‌ನಲ್ಲಿ ಹಸಿರು ದೀಪ ಹೊತ್ತಿದ್ದರೆ ಬರ್ನರ್ ಸರಿಯಿದೆ ಎಂದು ನಂಬುವುದು ನಮ್ಮ ಕಸುಬಿನ ಹಳೆಯ ಅಭ್ಯಾಸ. ಆ ದೀಪಕ್ಕೆ ಸುದ್ದಿ ಕೊಡುವ ಫ್ಲೇಮ್ ಸ್ಕ್ಯಾನರ್, ಜ್ವಾಲೆಯ ನೇರಳಾತೀತ ಅಥವಾ ಅವಕೆಂಪು ಬೆಳಕನ್ನು ಹಿಡಿದು ಒಂದೇ ಒಂದು ಪ್ರಶ್ನೆಗೆ ಉತ್ತರಿಸುತ್ತದೆ: ಬೆಂಕಿ ಇದೆಯೇ, ಇಲ್ಲವೇ? ಬೆಂಕಿ ಎಲ್ಲಿ ಕೂತಿದೆ, ಯಾವ ಕಡೆಗೆ ವಾಲಿದೆ ಎಂಬುದು ಅದಕ್ಕೆ ತಿಳಿಯದು. ಫರ್ನೇಸ್ ಆಯಿಲ್‌ನ ಕರಿ ಕಟ್ಟಿ, ಇಂಧನ ಚಿಮ್ಮುವ ನಾಜಲ್‌ನ ಕೆಲವು ರಂಧ್ರಗಳು ಮುಚ್ಚಿಕೊಂಡರೂ ಬೆಂಕಿ ಇರುತ್ತದೆ, ದೀಪವೂ ಹಸಿರಾಗಿಯೇ ಇರುತ್ತದೆ. ಒಳಗೆ ಮಾತ್ರ ವಾಲಿದ ಜ್ವಾಲೆ ಒಂದು ಪಕ್ಕದ ಟ್ಯೂಬನ್ನೋ ಬೆಂಕಿ ಇಟ್ಟಿಗೆಯನ್ನೋ ದಿನವಿಡೀ ನೆಕ್ಕುತ್ತಿರುತ್ತದೆ. ಇಟ್ಟಿಗೆ ಬಿರುಕು ಬಿಟ್ಟು ಹೊರಗಿನ ಬಣ್ಣ ಸುಲಿದ ಮೇಲೆ ನಮಗೆ ಕರೆ ಬರುತ್ತದೆ.

ಥರ್ಮೋಕಪಲ್ ಇದನ್ನು ಹಿಡಿಯುವುದಿಲ್ಲವೇ? ಅದು ಕೂತ ಜಾಗದಲ್ಲೇ ದೋಷವಿದ್ದರೆ ಹಿಡಿಯುತ್ತದೆ. ಎಂಟು ಜಾಗ ನೋಡಬೇಕಾದರೆ ಎಂಟು ಜೋಡಿ ತಂತಿ ಎಳೆಯಬೇಕು. ನೀವೆಲ್ಲ ಬಳಸುವ ಕೆ ಮಾದರಿಯ ಥರ್ಮೋಕಪಲ್ ಒಂದು ಡಿಗ್ರಿಗೆ ಕೊಡುವುದು ಸುಮಾರು 41 ಮೈಕ್ರೋವೋಲ್ಟ್. ಪಕ್ಕದಲ್ಲೇ ಇಗ್ನಿಷನ್ ಟ್ರಾನ್ಸ್‌ಫಾರ್ಮರ್ ಸಾವಿರಾರು ವೋಲ್ಟ್‌ನ ಕಿಡಿ ಹಾರಿಸುತ್ತಿರುತ್ತದೆ. ಆ ಗದ್ದಲದಲ್ಲಿ ಈ ಸಂಕೇತ ಕದಡಿಹೋಗುವುದು ಸಹಜ. ಇದಕ್ಕಿಂತ ಕೆಟ್ಟದ್ದೆಂದರೆ, ಆಮ್ಲಜನಕ ಕಡಿಮೆಯಿರುವ ಅತಿ ಬಿಸಿ ಜಾಗದಲ್ಲಿ ಬಹಳ ಕಾಲ ಇದ್ದರೆ ಅದರ ತಂತಿಯಲ್ಲಿರುವ ಕ್ರೋಮಿಯಂ ಆಕ್ಸೈಡ್ ಆಗಿ, ಇರುವುದಕ್ಕಿಂತ ಕಡಿಮೆ ತಾಪಮಾನ ತೋರಿಸತೊಡಗುತ್ತದೆ. ಪೂರ್ತಿ ಕೆಟ್ಟು ನಿಂತರೆ ಆಪರೇಟರ್‌ಗೆ ಗೊತ್ತಾಗುತ್ತದೆ. ಸುಳ್ಳು ಹೇಳತೊಡಗಿದರೆ ಗೊತ್ತಾಗುವುದಿಲ್ಲ.

ಹೊಸ ವ್ಯವಸ್ಥೆಯಲ್ಲಿ ತೆಳುವಾದ ಸ್ಟೀಲ್ ಕೊಳವೆಯೊಳಗೆ ಒಂದೇ ಗಾಜಿನ ಎಳೆ ನಾಜಲ್ ಹಿಂಬದಿಯ ಲೋಹವನ್ನೂ ಬರ್ನರ್ ಟೈಲ್‌ನ (ಬರ್ನರ್ ಬಾಯಿಯ ಸುತ್ತಲಿನ ಬೆಂಕಿ ಇಟ್ಟಿಗೆಯ) ಬೆನ್ನನ್ನೂ ಸುತ್ತುತ್ತದೆ. ಎಳೆಯ ಉದ್ದಕ್ಕೂ ಅಲ್ಲಲ್ಲಿ, ನಿರ್ದಿಷ್ಟ ತರಂಗಾಂತರದ ಬೆಳಕನ್ನು ಮಾತ್ರ ಹಿಂದಕ್ಕೆ ಕಳುಹಿಸುವ ಸೂಕ್ಷ್ಮ ಗೆರೆಗಳಿವೆ. ಇವುಗಳಿಗೆ ಬ್ರ್ಯಾಗ್ ಗ್ರೇಟಿಂಗ್ ಎಂದು ಹೆಸರು. ಆ ಜಾಗ ಬಿಸಿಯಾದಾಗ ಗಾಜಿನ ವಕ್ರೀಭವನಾಂಕ (ಬೆಳಕನ್ನು ಅದು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಬದಲಾಗಿ, ಹಿಂದಿರುಗುವ ತರಂಗಾಂತರ ಸರಿಯುತ್ತದೆ. 1550 ನ್ಯಾನೋಮೀಟರ್ ಬೆಳಕಿನಲ್ಲಿ ಒಂದು ಡಿಗ್ರಿಗೆ ಸರಿಯುವುದು ಸುಮಾರು 10 ಪಿಕೋಮೀಟರ್. ಒಂದು ಪಿಕೋಮೀಟರ್ ಎಂದರೆ ಮೀಟರಿನ ಲಕ್ಷ ಕೋಟಿಯಲ್ಲೊಂದು ಪಾಲು. ಪ್ಯಾನೆಲ್ ಪಕ್ಕ ಕೂರುವ ಪೆಟ್ಟಿಗೆ ಇದನ್ನು ಓದುತ್ತದೆ. ದರದ ದೊಡ್ಡ ಪಾಲು ಆ ಪೆಟ್ಟಿಗೆಯದೇ. ಗಾಜಿನ ಎಳೆಯನ್ನು ಜಗ್ಗಿದರೂ ತರಂಗಾಂತರ ಸರಿಯುವುದರಿಂದ, ಅದನ್ನು ಕೊಳವೆಯೊಳಗೆ ಬಿಗಿಯದೆ ಸಡಿಲವಾಗಿ ಬಿಟ್ಟಿರುತ್ತೇವೆ.

ಇಂಟರ್ನೆಟ್‌ಗೆ ಎಳೆದು ಉಳಿದ ಫೈಬರ್ ನಮ್ಮಲ್ಲೇ ಬಿದ್ದಿದೆ, ಅದನ್ನೇ ಹಾಕಬಾರದೇ ಎಂದು ಒಬ್ಬರು ಕೇಳಿದರು. ಬಾರದು. ಆ ಫೈಬರಿನ ಪ್ಲಾಸ್ಟಿಕ್ ಲೇಪವನ್ನು 85 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ನಂಬಬಹುದು. ಪಾಲಿಇಮೈಡ್ ಲೇಪ 300ರವರೆಗೆ, ಚಿನ್ನದ ಲೇಪ 700ರವರೆಗೆ ಬಾಳುತ್ತದೆ. ಸಾಧಾರಣ ಗ್ರೇಟಿಂಗ್‌ಗಳೂ ಹೆಚ್ಚು ಕಾವಿನಲ್ಲಿ ಅಳಿಸಿಹೋಗುತ್ತವೆ. ಕಾಯಿಸಿ ಮರುರೂಪಿಸಿದವು ಅದಕ್ಕಿಂತ ಬಹಳ ಹೆಚ್ಚು ತಡೆಯುತ್ತವೆ. ಇವು ಯಾವುದನ್ನೂ ಜ್ವಾಲೆಯೊಳಕ್ಕೆ ಇಳಿಸುವುದಿಲ್ಲ. ನೈಸರ್ಗಿಕ ಅನಿಲದ ಜ್ವಾಲೆ 1,900 ಡಿಗ್ರಿಯ ಆಸುಪಾಸು ಮುಟ್ಟಬಲ್ಲದು, ಗಾಜಿಗೆ ಅಲ್ಲಿ ಉಳಿವಿಲ್ಲ. ನಾವು ಓದುವುದು ಜ್ವಾಲೆ ಲೋಹಕ್ಕೆ ಏನು ಮಾಡುತ್ತಿದೆ ಎಂಬುದನ್ನು.

ಓದುವ ಬಗೆ ಕಷ್ಟದ್ದಲ್ಲ. ವೃತ್ತದ ಒಂದು ಬಿಂದು ತಣ್ಣಗಾಗಿ ಎದುರಿನದು ಬಿಸಿಯಾದರೆ ನಾಜಲ್ ಕಟ್ಟಿದೆಯೆಂದು ಮೊದಲ ಅನುಮಾನ. ಎಲ್ಲ ಬಿಂದುಗಳೂ ಒಟ್ಟಿಗೆ ಸರಿದರೆ ನಾಜಲ್ ಬಿಚ್ಚುವ ಮೊದಲು ಡ್ಯಾಂಪರ್ (ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಬಾಗಿಲು), ಬ್ಲೋವರ್, ಅನಿಲದ ಒತ್ತಡ ನೋಡಿ. ಗಾಳಿ ಮತ್ತು ಅನಿಲ ಮೊದಲೇ ಬೆರೆಯುವ ಬರ್ನರ್‌ನಲ್ಲಿ ನಾಜಲ್ ತುದಿಯ ಕಾವು ಇದ್ದಕ್ಕಿದ್ದಂತೆ ಜಿಗಿದರೆ ಬೆಂಕಿ ಹಿಂದಕ್ಕೆ ನುಗ್ಗಿರಬಹುದು. ಆಗ ದಾಖಲೆ ನೋಡುತ್ತಾ ಕೂರಬೇಡಿ, ಬರ್ನರ್ ನಿಲ್ಲಿಸಿ.

ಉದ್ದನೆಯ ಫರ್ನೇಸ್ ಇರುವವರಿಗೆ ಹೊರಕವಚದ ಮೇಲೆ ಬೇರೊಂದು ಫೈಬರ್ ಹಾಯಿಸುತ್ತೇವೆ. ಅದರಲ್ಲಿ ಗ್ರೇಟಿಂಗ್ ಇಲ್ಲ. ಲೇಸರ್ ಮಿಡಿತ ಗಾಜಿನಲ್ಲಿ ಸಾಗುವಾಗ ತರಂಗಾಂತರ ಬದಲಾಗಿ ಚದುರಿ ಹಿಂದಿರುಗುವ ರಾಮನ್ ಬೆಳಕಿನ ಎರಡು ಪಾಲುಗಳ (ತರಂಗಾಂತರ ಹೆಚ್ಚಾದದ್ದು, ಕಡಿಮೆಯಾದದ್ದು) ಅನುಪಾತವೇ ತಾಪಮಾನ ಹೇಳುತ್ತದೆ, ಹಿಂದಿರುಗಲು ಹಿಡಿದ ಸಮಯ ಜಾಗ ಹೇಳುತ್ತದೆ. ಒಂದು ಮೀಟರ್ ದೂರಕ್ಕೆ ಹೋಗಿಬರಲು ಸುಮಾರು 10 ನ್ಯಾನೋಸೆಕೆಂಡ್. 1928ರಲ್ಲಿ ಕಲ್ಕತ್ತೆಯಲ್ಲಿ ಈ ಪರಿಣಾಮವನ್ನು ಕಂಡ ಸಿ. ವಿ. ರಾಮನ್ 1933ರಲ್ಲಿ ಬೆಂಗಳೂರಿಗೆ ಬಂದು ಇಲ್ಲೇ ನೆಲೆಸಿದವರು. ಪೀಣ್ಯದ ಶೆಡ್ಡಿನಲ್ಲಿ ಅದನ್ನು ಕೆಲಸಕ್ಕೆ ಹಚ್ಚುವಾಗ ನಮಗೆ ತುಸು ಹೆಮ್ಮೆಯೂ ಇದೆ. ಆದರೆ ಈ ವಿಧಾನ ಸಾಮಾನ್ಯವಾಗಿ ಒಂದು ಮೀಟರಿಗಿಂತ ಸಣ್ಣ ಜಾಗವನ್ನು ಬೇರ್ಪಡಿಸಿ ತೋರಿಸದು. ಆದ್ದರಿಂದ ಇದು ಕವಚಕ್ಕೆ ಸರಿ, ನಾಜಲ್‌ಗೆ ಅಲ್ಲ.

ಒಂದೇ ಸಣ್ಣ ಡೀಸೆಲ್ ಬರ್ನರ್ ಇಟ್ಟುಕೊಂಡವರು ಇದಕ್ಕೆ ಹಣ ಹಾಕುವುದು ಬೇಡ. ಕೇಳಿದರೂ ನಾವು ಕೊಡುವುದಿಲ್ಲ. ನಾಜಲ್ ಬದಲಾಯಿಸುವುದು ಅದಕ್ಕಿಂತ ಅಗ್ಗ. ಅವರಿಗೆ ಹಳೆಯ ಒಪ್ಪಂದ, ಹಳೆಯ ಭೇಟಿಗಳೇ ಮುಂದುವರಿಯುತ್ತವೆ. ಉಳಿದವರಿಗೂ ಫ್ಲೇಮ್ ಸ್ಕ್ಯಾನರ್, ಬರ್ನರನ್ನು ತಾನಾಗಿ ನಿಲ್ಲಿಸುವ ಟ್ರಿಪ್ ವ್ಯವಸ್ಥೆ, ಬಾಯ್ಲರ್ ಇಲಾಖೆಯ ತಪಾಸಣೆ ಇದ್ದ ಹಾಗೆಯೇ ಇರುತ್ತವೆ. ಸ್ಟೀಲ್ ಕೊಳವೆ ಬಿಸಿಯಾಗಲು ಸಮಯ ಬೇಕು, ಆದ್ದರಿಂದ ತುರ್ತು ನಿಲುಗಡೆಯ ಹೊಣೆಯನ್ನು ಫೈಬರ್‌ಗೆ ಒಪ್ಪಿಸುವುದಿಲ್ಲ.

ಆಪರೇಟರ್‌ಗಳಿಗೆ ದಯವಿಟ್ಟು ಹೇಳಿ: ಕನೆಕ್ಟರ್ ಬಿಚ್ಚಬಾರದು, ಏಕೆಂದರೆ ಬೆಳಕು ಸಾಗುವ ತಿರುಳು 10 ಮೈಕ್ರೋಮೀಟರಿನಷ್ಟೇ ಇರುವುದರಿಂದ ಬೆಳಕನ್ನು ತಡೆಯಲು ಒಂದು ದೂಳಿನ ಕಣ ಸಾಕು. ಹೊರಗಿನ ಕೇಬಲನ್ನು ಬಳೆಗಿಂತ ಚಿಕ್ಕ ಸುತ್ತಾಗಿ ಬಾಗಿಸಬಾರದು. ಬಿಚ್ಚಿದ ತುದಿಗೆ ಕಣ್ಣಿಟ್ಟು ನೋಡಲೇಬಾರದು. ಆ ಲೇಸರ್ ಕಣ್ಣಿಗೆ ಕಾಣುವುದಿಲ್ಲ. ಹತ್ತಿರ ವೆಲ್ಡಿಂಗ್ ಇದ್ದರೆ ಮುಂಚಿತವಾಗಿ ನಮಗೆ ತಿಳಿಸಿ.

ಅಳವಡಿಸಲು ಬರ್ನರ್ ಪೂರ್ತಿ ತಣ್ಣಗಿರಬೇಕು. ಆಮೇಲೆ ಕಡಿಮೆ, ಮಧ್ಯಮ, ಪೂರ್ಣ ಲೋಡ್ ಮೂರರಲ್ಲೂ ಓಡಿಸಿ ಆರೋಗ್ಯವಂತ ಬರ್ನರ್‌ನ ದಾಖಲೆ ತೆಗೆದುಕೊಳ್ಳುತ್ತೇವೆ, ಏಕೆಂದರೆ ಮುಂದಿನ ಹೋಲಿಕೆಯೆಲ್ಲ ಅದರ ಜೊತೆಗೇ. ಆದ್ದರಿಂದ ನವೀಕರಣಕ್ಕೆ ಒಂದು ತಿಂಗಳ ಮೊದಲೇ ನಿಮ್ಮ ಶಟ್‌ಡೌನ್ ದಿನಗಳನ್ನು ಬರೆದು ತಿಳಿಸಿ. ಹಬ್ಬದ ರಜೆಯಲ್ಲೇ ಎಲ್ಲರೂ ಕರೆದರೆ ನಮ್ಮ ಹುಡುಗರು ಸಾಲುವುದಿಲ್ಲ.

ಇಂತಿ ನಿಮ್ಮ ವಿಶ್ವಾಸಿಗಳು,
ಬರ್ನರ್ ಸೇವಾ ವಿಭಾಗ, ಪೀಣ್ಯ, ಬೆಂಗಳೂರು