ಬೆರಳಿನ ಗಾಯದಿಂದ ಶಿಲುಬೆಗೆ ಅವಸರ ಬೇಡ

ಪ್ರೀತಿಯ ತಂಗಿಗೆ,

ನಿನ್ನ ಲೇಖನ ಎರಡು ಸಲ ಓದಿದೆ. ಈಳಿಗೆಮಣೆಯಲ್ಲಿ ಈರುಳ್ಳಿ ಹೆಚ್ಚುವಾಗ ಬೆರಳು ಕೊಯ್ದುಕೊಂಡದ್ದು, ಗಾಯಕ್ಕೆ ಹಸಿಮೆಣಸಿನಕಾಯಿಯ ಖಾರ ತಾಗಿ ಚುರುಗುಟ್ಟಿದ್ದು, ಕಣ್ಣಲ್ಲಿ ನೀರು ಬಂದದ್ದು. ಇಷ್ಟನ್ನು ನಾಲ್ಕು ಸಾಲಿನಲ್ಲಿ ಮುಗಿಸಿ ಐದನೆಯ ಸಾಲಿಗೆ ಯೇಸುವನ್ನು ಶಿಲುಬೆಗೇರಿಸಿದ ಕಲ್ವಾರಿ ಬೆಟ್ಟ ಹತ್ತಿಬಿಟ್ಟಿದ್ದೀಯ. ನನ್ನ ಬೆರಳೇ ಇಷ್ಟು ನೋಯುವಾಗ ಯೇಸುವಿನ ಕೈಗೆ ಹೊಡೆದ ಮೊಳೆ ಎಷ್ಟು ನೋಯಿಸಿರಬೇಕು ಅಂತ. ಭಕ್ತಿಯಿಂದಲೇ ಬರೆದಿದ್ದೀಯ, ಅನುಮಾನವಿಲ್ಲ. ಆದರೆ ಓದುವವರಿಗೆ ನಿನ್ನ ಬೆರಳೂ ಕಾಣುವುದಿಲ್ಲ, ಆ ಮೊಳೆಯೂ ಕಾಣುವುದಿಲ್ಲ.

ನಮ್ಮ ನೋವನ್ನು ಯೇಸುವಿನ ನೋವಿನ ಪಕ್ಕ ಇಟ್ಟು ಅಳೆಯುವುದು ನಮಗೆ ಪ್ರಸಂಗ ಕೇಳಿ ಕೇಳಿ ರೂಢಿಯಾಗಿದೆ. ಹಾಗೆ ಅಳೆದರೆ ನಮ್ಮದು ಯಾವಾಗಲೂ ಚಿಕ್ಕದೇ. ಚಿಕ್ಕದು ಅಂತ ತೀರ್ಮಾನವಾದ ಮೇಲೆ ಬರೆಯಲು ಏನು ಉಳಿಯುತ್ತದೆ? ಯೇಸುವಿನ ಬದುಕು ಹೇಳುವ ಶುಭಸಂದೇಶ ಹಾಗೆ ಅಳೆಯುವುದೇ ಇಲ್ಲ. ಯೊವಾನ್ನ ಬರೆದ ಶುಭಸಂದೇಶದ 4ನೇ ಅಧ್ಯಾಯ ತೆಗೆದು ನೋಡು. ನಡೆದು ದಣಿದ ಯೇಸು ಯಕೋಬನ ಬಾವಿಯ ಹತ್ತಿರ ಕುಳಿತಿದ್ದಾರೆ. ಸುಡುವ ಮಧ್ಯಾಹ್ನ. ನೀರು ಸೇದಲು ಬಂದ ಸಮಾರಿಯದ ಹೆಂಗಸಿನ ಹತ್ತಿರ ಕುಡಿಯಲು ನೀರು ಕೇಳುತ್ತಾರೆ. ಅದೇ ಪುಸ್ತಕದ 19ನೇ ಅಧ್ಯಾಯದಲ್ಲಿ, ಶಿಲುಬೆಯ ಮೇಲೆ ಪ್ರಾಣ ಹೋಗುವ ಹೊತ್ತಿನಲ್ಲೂ ಬಾಯಾರಿಕೆ ಅನ್ನುತ್ತಾರೆ. ದೇವರ ಮಗನಿಗೂ ಕಾಲು ಸೋತಿತು, ಗಂಟಲು ಒಣಗಿತು. ಅಷ್ಟು ದೊಡ್ಡ ನೋವಿನ ನಡುವೆ ಈ ಸಣ್ಣ ಸಂಗತಿ ಯಾಕೆ ಅಂತ ಯೊವಾನ್ನ ಅದನ್ನು ಬಿಟ್ಟುಬಿಡಲಿಲ್ಲ.

ನಿನ್ನ ಲೇಖನದಲ್ಲಿ ನಿಜವಾದ ವಿಷಯ ಇರುವ ಜಾಗ ಬೇರೆ. ಬೆಳಿಗ್ಗೆ ಅಮ್ಮನ ಜೊತೆ ಜಗಳವಾಡಿ ಇಬ್ಬರೂ ಮಾತು ಬಿಟ್ಟಿದ್ದಿರಿ ಅಂತ ಶುರುವಿನಲ್ಲೇ ಹೇಳಿದ್ದೀಯ. ಆಮೇಲೆ ಒಂದೇ ಒಂದು ಸಾಲು: 'ಅಮ್ಮ ಓಡಿಬಂದು ಅರಿಶಿನ ಒತ್ತಿ ಬಟ್ಟೆ ಕಟ್ಟಿದರು.' ನಾನು ಅಲ್ಲೇ ನಿಂತುಬಿಟ್ಟೆ. ಒಲೆ ಮೇಲೆ ಏನಿತ್ತು, ಅದನ್ನು ಹಾಗೇ ಬಿಟ್ಟು ಬಂದರಾ? ಬಾಯಿಬಿಟ್ಟು ಏನಾದರೂ ಅಂದರಾ, ಇಲ್ಲಾ ಮುಖ ಊದಿಸಿಕೊಂಡೇ ಕಟ್ಟಿದರಾ? ನೀನು ಕೈ ಕೊಡಲು ಹಿಂದೆಮುಂದೆ ನೋಡಿದೆಯಾ? ಗಂಟು ಬಿಗಿಯಾಯಿತಾ ಅಂತ ಕೇಳಿದ್ದೇ ಆ ದಿನದ ಮೊದಲ ಮಾತಾಗಿತ್ತಾ? ಇದನ್ನೆಲ್ಲ ಬರೆ. ಪುಟ ಜಾಸ್ತಿ ಆದರೂ ಪರವಾಗಿಲ್ಲ.

ಯಾಕೆ ಅಂದರೆ, ಜಗಳ ಇನ್ನೂ ಮುಗಿದಿರಲಿಲ್ಲ. ನೀನು ತಪ್ಪಾಯ್ತು ಅಂದಿರಲಿಲ್ಲ. ಆದರೂ ಅಮ್ಮ ಬಂದರು. ನಾವು ಇನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತರು ನಮಗಾಗಿ ಪ್ರಾಣ ಕೊಟ್ಟರು ಅಂತ ಸಂತ ಪೌಲ ರೋಮಿನವರಿಗೆ ಬರೆದದ್ದು ಇದೇ ಅಲ್ವಾ? ಮೊದಲು ನಾವು ಸರಿಹೋಗಲಿ, ಆಮೇಲೆ ಬರುತ್ತೇನೆ ಅಂತ ಅವರು ಕಾಯಲಿಲ್ಲ. ಆ ಅಡುಗೆಮನೆಯಲ್ಲಿ ನಿನಗೆ ಸಿಕ್ಕಿದ್ದು ಆ ಪ್ರೀತಿ. ನನಗೆ ಇದರಲ್ಲಿ ಎಳ್ಳಷ್ಟೂ ಸಂಶಯವಿಲ್ಲ.

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಲ್ಲಿ, ಯೇಸು ಶಿಲುಬೆ ಹೊತ್ತ ದಾರಿಯನ್ನು ಸ್ಥಳ ಸ್ಥಳವಾಗಿ ನೆನೆದು ಪ್ರಾರ್ಥಿಸುವ ಶಿಲುಬೆ ಹಾದಿ ಮಾಡುವಾಗ, ಆರನೆಯದಾದ ವೆರೋನಿಕಾಳ ಸ್ಥಳದ ಮುಂದೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲು. ಅವಳ ಹೆಸರು ನಾಲ್ಕು ಶುಭಸಂದೇಶಗಳಲ್ಲಿ ಎಲ್ಲೂ ಇಲ್ಲ. ಜನರ ಭಕ್ತಿಯಲ್ಲಿ ಉಳಿದು ಬಂದವಳು. ಸೈನಿಕರನ್ನು ತಡೆಯಲು ಅವಳ ಕೈಲಾಗಲಿಲ್ಲ, ಶಿಲುಬೆಯನ್ನೂ ಇಳಿಸಲಿಲ್ಲ. ರಕ್ತ, ಬೆವರು ಸುರಿಯುತ್ತಿದ್ದ ಯೇಸುವಿನ ಮುಖವನ್ನು ಬಟ್ಟೆಯಿಂದ ಒರೆಸಿದಳು, ಅಷ್ಟೆ. 14 ಸ್ಥಳಗಳಲ್ಲಿ ಒಂದನ್ನು ಪೂರ್ತಿಯಾಗಿ ಆ ಬಟ್ಟೆಗೆ ಬಿಟ್ಟುಕೊಟ್ಟಿದ್ದೇವೆ. ಅದಕ್ಕೆ ಮುಂಚಿನ ಸ್ಥಳ ಯೇಸುವಿನ ಶಿಲುಬೆಗೆ ಹೆಗಲು ಕೊಟ್ಟ ಸಿಮೋನನದು. ಇನ್ನೊಂದು ಶುಭಸಂದೇಶ ಬರೆದ ಮಾರ್ಕ ಅವನನ್ನು ಒಂದೇ ವಾಕ್ಯದಲ್ಲಿ ತೋರಿಸುತ್ತಾನೆ: ಸಿರೇನ್ ಊರಿನವನು, ಹಳ್ಳಿಯ ಕಡೆಯಿಂದ ಬರುತ್ತಿದ್ದವನು, ಅಲೆಕ್ಸಾಂಡರ್ ಮತ್ತು ರೂಫನ ಅಪ್ಪ. ಅವನ ಮನಸ್ಸಿನಲ್ಲಿ ಏನಾಯಿತು ಅಂತ ಮಾರ್ಕ ವಿವರಿಸುವುದಿಲ್ಲ, ಮಕ್ಕಳ ಹೆಸರು ಹೇಳುತ್ತಾನೆ. ಎಂಥ ಧೈರ್ಯ ನೋಡು ಆ ಬರವಣಿಗೆಗೆ!

ಸಿಟ್ಟು ಬಂದಿದ್ದರೆ ಅದನ್ನೂ ಮುಚ್ಚಿಡಬೇಡ. ಫ್ರಾನ್ಸಿನ ಲಿಸ್ಯೂ ಮಠದ ಸಂತ ತೆರೇಸಾ ಗೊತ್ತಲ್ಲ, 1897ರಲ್ಲಿ 24ನೇ ವಯಸ್ಸಿಗೇ ತೀರಿಕೊಂಡವಳು. ಬಟ್ಟೆ ಒಗೆಯುವಾಗ ಎದುರಿನ ಸಿಸ್ಟರ್ ಪ್ರತಿ ಸಲ ಅವಳ ಮುಖಕ್ಕೆ ಕೊಳೆನೀರು ಸಿಡಿಸುತ್ತಿದ್ದರಂತೆ. ಹಿಂದೆ ಸರಿದು, ಮುಖ ಒರೆಸಿಕೊಂಡು, ಅವರಿಗೆ ಗೊತ್ತಾಗುವ ಹಾಗೆ ಮಾಡಬೇಕು ಅಂತ ಮೊದಲು ಅನಿಸಿತು ಅಂತ ತೆರೇಸಾಳೇ ಬರೆದಿಟ್ಟಿದ್ದಾಳೆ. ಆಮೇಲೇ ಅದನ್ನು ಪ್ರೀತಿಯಿಂದ ಸಹಿಸಿಕೊಂಡ ಮಾತು ಬರುವುದು. ಮೊದಲಿನದನ್ನು ಬಿಟ್ಟು ಬರೀ ಎರಡನೆಯದನ್ನು ಬರೆದಿದ್ದರೆ ನಾವು ನಂಬುತ್ತಿದ್ದೆವಾ?

ಇನ್ನೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಇದು ನಿನ್ನ ಗಾಯ, ಅರ್ಥ ಹುಡುಕುವ ಹಕ್ಕು ನಿನಗಿದೆ. ಬೇರೆಯವರ ನೋವಿನ ಬಗ್ಗೆ ಬರೆಯುವಾಗ ಕೈ ಹಿಡಿತದಲ್ಲಿರಲಿ. ಬೈಬಲ್ಲಿನಲ್ಲಿ ಎಲ್ಲವನ್ನೂ ಕಳೆದುಕೊಂಡು ನರಳುತ್ತಿದ್ದ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಜೊತೆ ಸುಮ್ನೆ ನೆಲದ ಮೇಲೆ ಕುಳಿತಿದ್ದರು. ಅಲ್ಲಿಯವರೆಗೆ ಚೆನ್ನಾಗೇ ಇತ್ತು. ಅವನ ನೋವಿಗೆ ಕಾರಣ ಹೇಳಲು ಬಾಯಿ ತೆರೆದರು, ಕೊನೆಗೆ ದೇವರ ಸಿಟ್ಟಿಗೆ ಗುರಿಯಾದರು. ಗಂಡನ ಕೈಲಿ ಏಟು ತಿನ್ನುವವಳಿಗೆ ಅದು ನಿನ್ನ ಶಿಲುಬೆ ಅಂತ ನಿನ್ನ ಪೆನ್ನು ಯಾವತ್ತೂ ಬರೆಯಬಾರದು. ವಾಸಿಮಾಡಿ ಅಂತ ಬಂದ ಒಬ್ಬ ರೋಗಿಗಾದರೂ ಯೇಸು ಈ ನೋವು ಇಟ್ಟುಕೋ ಅಂದದ್ದು ಶುಭಸಂದೇಶದಲ್ಲಿ ಎಲ್ಲೂ ಇಲ್ಲ.

ಕೊನೆಯ ಎರಡು ಪ್ಯಾರಾ ತೆಗೆದುಬಿಡು. ಅಲ್ಲಿರುವ ನಾಲ್ಕು ಬೈಬಲ್ ವಚನಗಳಲ್ಲಿ ಒಂದೂ ಬೇಡ. ಪೌಲನ ಮಾತನ್ನು ನಿನಗೋಸ್ಕರ ಹೇಳಿದೆ, ಲೇಖನಕ್ಕೆ ಅದನ್ನು ತುರುಕಬೇಡ. ತಿದ್ದಿ ಬರೆದ ಮೇಲೆ ಮೊದಲು ಅಮ್ಮನಿಗೆ ಓದಿ ಹೇಳು, ಅವರು ಒಪ್ಪಿದರೆ ನನಗೆ ಕಳಿಸು. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರಕ್ಕೆ ಇನ್ನೂ ಸಮಯವಿದೆ.

ಪ್ರಭುವಿನ ಪ್ರೀತಿಯಲ್ಲಿ,
ನಿನ್ನ ಅಕ್ಕ