ಹಗಲಿನ ಸಿಟ್ಟು, ರಾತ್ರಿಯ ನಿದ್ದೆ

ಮಾನ್ಯರೇ,

ಕಳೆದ ತಿಂಗಳು ಕಬ್ಬಿನ ಬಾಕಿ ದುಡ್ಡಿಗೆ ಅಲೆದು ಬಂದ ದಿನ ರಾತ್ರಿ ಹತ್ತಕ್ಕೇ ಮಲಗಿದೆ. ಮೈ ದಣಿದಿತ್ತು, ಕಣ್ಣು ಮಾತ್ರ ಮುಚ್ಚಲಿಲ್ಲ. ಕೌಂಟರಿನವನ ಮಾತಿಗೆ ಹಗಲಲ್ಲಿ ಕೊಡಲಾಗದ ಉತ್ತರಗಳನ್ನೆಲ್ಲ ಸೂರು ನೋಡುತ್ತಾ ಕೊಟ್ಟೆ. ಎರಡೂವರೆಗೆ ಎದ್ದು ನೀರು ಕುಡಿದೆ. ಮತ್ತೆ ಅದೇ ಜಗಳ!

ಸಿಟ್ಟು, ಚಿಂತೆ ಇದ್ದಾಗ ಮೈಯಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನುಗಳು ಜಾಸ್ತಿಯಾಗುತ್ತವೆ. ಎದೆಬಡಿತ ಬೇಗ ಇಳಿಯುವುದಿಲ್ಲ. ನಿದ್ದೆ ಹತ್ತಿದರೂ ನಡುನಡುವೆ ಎಚ್ಚರ. ದೊಡ್ಡವರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಅದು ತಪ್ಪಿದ ಮರುದಿನ ಮಕ್ಕಳ ಮೇಲೆ ರೇಗಾಟ. ಆ ರಾತ್ರಿಯೂ ಹಾಳು, ಅಲ್ವಾ?

ನಮ್ಮ ಕಡೆ ನಿದ್ದೆ ಬರಲಿಲ್ಲ ಅಂದರೆ 'ಕಾಫಿ ಬಿಡು' ಅನ್ನುತ್ತಾರೆ. (ಸರಿಯೇ, ಆದರೆ ಮಂಡ್ಯದಲ್ಲಿ ಯಾರು ಬಿಡ್ತಾರೆ?) 'ಇವತ್ತು ಏನಾಯ್ತು?' ಅಂತ ಕೇಳುವವರು ಕಮ್ಮಿ. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ನನಗೇ ಇದು ಮೊನ್ನೆ ಗೊತ್ತಾಯಿತು. ಪಂಚಾಯಿತಿಯವರು ಹಾಲಿನ ಡೇರಿ ಗೋಡೆಯ ಮೇಲೆ ಈ ನಂಬರ್ ದೊಡ್ಡದಾಗಿ ಬರೆಸಲಿ. ಬೆಳಗಿನ ಜಾವ ಕ್ಯಾನು ಹಿಡಿದು ಬರುವವರಲ್ಲಿ ಎಷ್ಟೋ ಜನ ಮಲಗಿಯೇ ಇರುವುದಿಲ್ಲ.

– ಒಬ್ಬ ಓದುಗ, ಮಂಡ್ಯ