ಕುಬಸದ ನಂತರ ಬಿಪಿ ನೋಡುವವರು ಯಾರು?

ಮಾನ್ಯ ಸಂಪಾದಕರೆ,

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸಾವಿಗೀಡಾದ ಮೇಲೆ ತಾಯಂದಿರ ಮರಣದ ವಿಷಯ ರಾಜ್ಯದ ಪತ್ರಿಕೆಗಳ ಮುಖಪುಟಕ್ಕೆ ಬಂತು. ಆಗಿನ ಚರ್ಚೆ ಬಹುಪಾಲು ಸಲಾಯಿನ್ ಬಾಟಲಿಯ ಗುಣಮಟ್ಟ ಮತ್ತು ಔಷಧ ಖರೀದಿಯ ಸುತ್ತಲೇ ಇತ್ತು. ಅದು ನಡೆಯಬೇಕಾದ ಚರ್ಚೆಯೇ. ಆದರೆ ಬಸುರಿನಲ್ಲಿ ಮತ್ತು ಬಾಣಂತನದಲ್ಲಿ ಏರುವ ರಕ್ತದೊತ್ತಡ, ಜನ ಬಿಪಿ ಎಂದಷ್ಟೇ ಕರೆಯುವ ತೊಂದರೆ, ಅತಿ ರಕ್ತಸ್ರಾವ ಮತ್ತು ನಂಜಿನಂತೆಯೇ ತಾಯಂದಿರ ಸಾವಿಗೆ ದೊಡ್ಡ ಕಾರಣಗಳಲ್ಲಿ ಒಂದಾಗಿದ್ದರೂ ಅದರ ಬಗ್ಗೆ ಅಷ್ಟು ಮಾತು ಕೇಳಿಬರುವುದಿಲ್ಲ. ಗದಗ ಜಿಲ್ಲೆಯ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದ ನಾನು ಹೇಳಬೇಕೆಂದಿರುವುದು ಇಷ್ಟು: ನಮ್ಮ ಭಾಗದ ಬಸುರಿಯ ಬಿಪಿಯನ್ನು ಯಾವಾಗ ಎಲ್ಲಕ್ಕಿಂತ ಹೆಚ್ಚು ಎಚ್ಚರದಿಂದ ನೋಡಬೇಕೋ, ಸರಿಯಾಗಿ ಅದೇ ಹೊತ್ತಿನಲ್ಲಿ ಅವಳು ಎರಡು ಊರುಗಳ ನಡುವೆ ಯಾರ ಲೆಕ್ಕಕ್ಕೂ ಸಿಗದೆ ಹೋಗುತ್ತಾಳೆ.

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಐದನೇ ತಿಂಗಳಲ್ಲೋ ಏಳರಲ್ಲೋ ಒಂಬತ್ತರಲ್ಲೋ ಕುಬಸ, ಅಂದರೆ ಸೀಮಂತ ಮಾಡಿ, ಹಸಿರು ಬಳೆ ತೊಡಿಸಿ, ಮಗಳನ್ನು ಕರೆದುಕೊಂಡು ಹೋಗುತ್ತಾರೆ. ಬಸುರಿನ ಬಿಪಿ ತೊಂದರೆ, ಅದರಲ್ಲೂ ಬಿಪಿ ಏರುವುದರ ಜೊತೆಗೆ ಮೂತ್ರಪಿಂಡ, ಯಕೃತ್ತಿನಂಥ ಅಂಗಗಳಿಗೂ ಪೆಟ್ಟಾಗುವ ಪ್ರಿ-ಎಕ್ಲಾಂಪ್ಸಿಯಾ, ಕಾಣಿಸಿಕೊಳ್ಳುವುದು 20 ವಾರ ಕಳೆದ ಮೇಲೆ; ಹೆಚ್ಚಾಗಿ ಕೊನೆಯ ಮೂರು ತಿಂಗಳಲ್ಲಿ, ಮತ್ತು ಚೊಚ್ಚಲ ಬಸುರಿಯರಲ್ಲಿ ಉಳಿದವರಿಗಿಂತ ಹೆಚ್ಚು. ಅಂದರೆ ಅಪಾಯ ಹೆಚ್ಚಿರುವ ಹೆಣ್ಣುಮಗಳು ಅಪಾಯ ಹೆಚ್ಚಿರುವ ತಿಂಗಳಿನಲ್ಲಿಯೇ ಊರು ಬದಲಿಸುತ್ತಾಳೆ. ಗಂಡನ ಮನೆಯ ಊರಿನ ಆಶಾ ಕಾರ್ಯಕರ್ತೆ ತನ್ನ ಪುಸ್ತಕದಲ್ಲಿ ‘ತವರಿಗೆ ಹೋಗಿದ್ದಾರೆ’ ಎಂದು ಬರೆದುಕೊಂಡರೆ, ತವರಿನ ಊರಿನವಳಿಗೆ ಆಕೆ ತನ್ನ ಪಟ್ಟಿಯಲ್ಲಿ ಇಲ್ಲದವಳು. ಗದಗಿನ ಸೊಸೆಯ ತವರು ಕೊಪ್ಪಳ ಜಿಲ್ಲೆಯಲ್ಲಿದ್ದರೆ, ಹಿರೇಕೆರೂರಿನ ಸೊಸೆಯ ತವರು ಶಿಕಾರಿಪುರದ ಕಡೆ ಇದ್ದರೆ, ಇಬ್ಬರು ಜಿಲ್ಲಾ ಆರೋಗ್ಯಾಧಿಕಾರಿಗಳ ವ್ಯಾಪ್ತಿಯ ನಡುವಿನ ಆ ತಿಂಗಳುಗಳು ತಾಯಿ ಕಾರ್ಡಿನಲ್ಲಿ ಖಾಲಿ ಉಳಿಯುತ್ತವೆ.

ನಾನು ಸೇವೆಯಲ್ಲಿದ್ದಾಗ ನೋಡಿದ ಒಂದು ಪ್ರಕರಣದಲ್ಲಿ ಹೀಗೆಯೇ ಆಗಿತ್ತು. ಮುಂಡರಗಿ ಕಡೆಯಿಂದ ತವರಿಗೆ ಬಂದಿದ್ದ ಹುಡುಗಿಯ ಕಾರ್ಡಿನಲ್ಲಿ ಆರನೇ ತಿಂಗಳಲ್ಲಿ ಬರೆದ ಬಿಪಿ ಸರಿಯಾಗಿಯೇ ಇತ್ತು, ಮುಂದಿನ ಅಂಕಣಗಳು ಖಾಲಿ ಇದ್ದವು. ಮುಖ ಮತ್ತು ಕೈ ಬಾತಿದ್ದನ್ನು ಮನೆಯವರು ‘ಬಸರಿದ್ದಾಗ ಬಾಯೋದು ಇದ್ದದ್ದ’ ಎಂದು ಬಿಟ್ಟಿದ್ದರು. ಎದೆಗುಂಡಿಯ ಕೆಳಗಿನ ನೋವಿಗೆ ಪಿತ್ತವೆಂದು ಜೀರಿಗೆ ಕಷಾಯ ಕುಡಿಸಿದ್ದರು. ನಸುಕಿನಲ್ಲಿ ಫಿಟ್ಸ್ ಬಂದಾಗ ಮೊದಲು ಕರೆಸಿದ್ದು 108 ವಾಹನವನ್ನಲ್ಲ, ಗಾಳಿ ಬಿಡಿಸುವವನನ್ನು. ತಾಯಿ ಬದುಕಿದಳು, ಕೂಸು ಉಳಿಯಲಿಲ್ಲ. ಆ ಮನೆಯವರನ್ನು ದೂರಿ ಪ್ರಯೋಜನವಿಲ್ಲ, ಏಕೆಂದರೆ ಕಾಲು ಬಾಯುವುದು ಅನೇಕ ಬಸುರಿಯರಿಗೆ ಇರುವಂಥದ್ದೇ, ಮತ್ತು ಬಿಪಿ ಏರಿದ್ದು ಮೈಗೆ ಗೊತ್ತಾಗುವುದಿಲ್ಲ. ಅಳೆದು ನೋಡಿದರೆ ಮಾತ್ರ ತಿಳಿಯುತ್ತದೆ.

ಹಾಗೆ ಅಳೆಯುವಾಗ ಮೇಲಿನ ಅಂಕಿ 140 ಅಥವಾ ಕೆಳಗಿನದು 90 ಮುಟ್ಟಿದರೆ ಕೆಲವು ತಾಸು ಬಿಟ್ಟು ಮತ್ತೆ ನೋಡಬೇಕು, ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದು, ನಮ್ಮ ಹಳೆಯ ಸಿಬ್ಬಂದಿಯ ಮಾತಿನಲ್ಲಿ ಅಲ್ಬುಮಿನ್, ಪರೀಕ್ಷಿಸಬೇಕು. ಬಸ್ಸಿಳಿದು ಬಂದವಳನ್ನು ನಿಲ್ಲಿಸಿಕೊಂಡೇ ಪಟ್ಟಿ ಸುತ್ತುವುದಲ್ಲ; ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂಡಿಸಿ, ತೋಳನ್ನು ಎದೆಯ ಮಟ್ಟದಲ್ಲಿರಿಸಿ ಅಳೆಯಬೇಕು. ಬಿಡದ ತಲೆನೋವು, ಕಣ್ಣು ಮಂಜಾಗುವುದು ಅಥವಾ ಕಣ್ಣ ಮುಂದೆ ಮಿಂಚಿದಂತಾಗುವುದು, ಹೊಟ್ಟೆಯ ಮೇಲ್ಭಾಗದಲ್ಲಿ ಬಲಗಡೆ ನೋವು, ಮೂತ್ರ ಕಡಿಮೆಯಾಗುವುದು, ಕೂಸಿನ ಚಲನೆ ತಗ್ಗುವುದು, ಇವುಗಳಲ್ಲಿ ಒಂದು ಕಂಡರೂ ಮರುದಿನದವರೆಗೆ ಕಾಯಬಾರದು. ಮೇಲಿನ ಅಂಕಿ 160 ಅಥವಾ ಕೆಳಗಿನದು 110 ಮುಟ್ಟಿತೆಂದರೆ ತಾಸಿನೊಳಗೆ ಔಷಧ ಆರಂಭವಾಗಬೇಕು. ಮಿದುಳಿನ ರಕ್ತಸ್ರಾವದ ಭಯ ಇರುವುದು ಅಲ್ಲಿಯೇ.

ಈ ರೋಗದ ಮೂಲ ಗರ್ಭದಲ್ಲಿ ಕೂಸನ್ನು ಪೋಷಿಸುವ ಮಾಸಿನಲ್ಲಿದೆ. ಮಾಸು ಗರ್ಭಕೋಶದ ಗೋಡೆಯಲ್ಲಿ ಬೇರೂರುವಾಗ ಅಲ್ಲಿನ ರಕ್ತನಾಳಗಳು ಸಾಕಷ್ಟು ಅಗಲವಾಗದಿದ್ದರೆ ಅದಕ್ಕೆ ರಕ್ತ ಸಾಲದಾಗುತ್ತದೆ. ಆಗ ಅದು ತಾಯಿಯ ರಕ್ತಕ್ಕೆ ಬಿಡುವ ಅಂಶಗಳು ಅವಳ ಮೈಯೆಲ್ಲ ರಕ್ತನಾಳಗಳ ಒಳಪದರನ್ನು ಕೆಡಿಸಿ, ಮೂತ್ರಪಿಂಡ, ಯಕೃತ್ತು, ಮಿದುಳಿಗೆ ಪೆಟ್ಟು ಕೊಡುತ್ತವೆ. ಆದ್ದರಿಂದ ಗುಳಿಗೆ ಬಿಪಿಯನ್ನು ಹಿಡಿದಿಡುತ್ತದೆಯೇ ಹೊರತು ರೋಗವನ್ನು ವಾಸಿ ಮಾಡುವುದಿಲ್ಲ. ಹೆರಿಗೆಯೊಂದೇ ಅದಕ್ಕೆ ಕೊನೆ, ಅದೂ ಕೂಡಲೇ ಅಲ್ಲ. ಪ್ರಿ-ಎಕ್ಲಾಂಪ್ಸಿಯಾ ಇದ್ದವಳಿಗೆ 37 ವಾರ ತುಂಬಿದ ಮೇಲೆ ಕಾಯುವುದರಲ್ಲಿ ಲಾಭವಿಲ್ಲ, ತೊಂದರೆ ಉಲ್ಬಣಿಸಿದರೆ ಅದಕ್ಕೂ ಮೊದಲೇ ಹೆರಿಗೆ ಮಾಡಿಸಬೇಕಾಗುತ್ತದೆ, ದಿನ ತೀರಾ ಕಡಿಮೆ ಇದ್ದರೆ ಕೂಸಿನ ಪುಪ್ಪುಸ ಬಲಿಯಲೆಂದು ತಾಯಿಗೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ‘ಒಂಬತ್ತು ತುಂಬಿಲ್ಲ, ಈಗ್ಯಾಕ ಹೆರಿಗಿ ಮಾಡಸ್ತೀರಿ?’ ಎಂದು ವೈದ್ಯರೊಡನೆ ಜಗಳಕ್ಕೆ ನಿಲ್ಲುವ ಹಿರಿಯರಿಗೆ ಈ ಕಾರಣವನ್ನು ಮೊದಲೇ ಯಾರಾದರೂ ವಿವರಿಸಿದ್ದರೆ ಹೆರಿಗೆ ಕೋಣೆಯ ಬಾಗಿಲಲ್ಲಿ ಅಮೂಲ್ಯ ಸಮಯ ಕಳೆಯುವುದಿಲ್ಲ.

ಫಿಟ್ಸ್ ತಡೆಯುವ ಔಷಧ ದುಬಾರಿಯದಲ್ಲ, ಹೊಸದೂ ಅಲ್ಲ: ಮೆಗ್ನೀಸಿಯಂ ಸಲ್ಫೇಟ್. 2002ರಲ್ಲಿ ಪ್ರಕಟವಾದ, ಸುಮಾರು ಹತ್ತು ಸಾವಿರ ಮಹಿಳೆಯರನ್ನು ಒಳಗೊಂಡ ‘ಮ್ಯಾಗ್‌ಪೈ’ ಅಧ್ಯಯನದಲ್ಲಿ ಈ ಚುಚ್ಚುಮದ್ದು ಫಿಟ್ಸ್ ಬರುವ ಸಾಧ್ಯತೆಯನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಿತು. ದೊಡ್ಡಾಸ್ಪತ್ರೆಗೆ ಕಳಿಸುವ ಮುನ್ನ ಎರಡೂ ಪಿರ್ರೆಗಳಿಗೆ ಐದೈದು ಗ್ರಾಂನಂತೆ ಮೊದಲ ಡೋಸ್ ಕೊಡಲು ತರಬೇತಿ ಪಡೆದ ನರ್ಸ್‌ಗಳಿಗೆ ಕೇಂದ್ರ ಸರ್ಕಾರದ ಮಾರ್ಗಸೂಚಿಯೇ ಅನುಮತಿ ನೀಡಿದೆ. ಎರಡು ಮಿಲಿಲೀಟರಿನ ಒಂದೊಂದು ಆಂಪ್ಯೂಲಿನಲ್ಲಿ ಒಂದು ಗ್ರಾಂ ಇರುವುದರಿಂದ ಹತ್ತು ಆಂಪ್ಯೂಲು ಒಡೆಯಬೇಕು. ಹೊಸ ಸಿಬ್ಬಂದಿ ಆ ಸಂಖ್ಯೆಗೇ ಹೆದರಿ, ಉಸಿರು ನಿಂತರೆ ಏನು ಗತಿ ಎಂದು ಯೋಚಿಸಿ, ಚೀಟಿ ಬರೆದು ವಾಹನ ಹತ್ತಿಸಿಬಿಡುತ್ತಾರೆ. ಭಯಕ್ಕೆ ಆಧಾರವಿಲ್ಲದಿಲ್ಲ. ಆದರೆ ಮುಂದಿನ ಡೋಸಿಗೆ ಮೊದಲು ಮೊಣಕಾಲಿನ ಕೆಳಗೆ ತಟ್ಟಿದರೆ ಕಾಲು ಜಿಗಿಯುತ್ತದೆಯೇ, ಉಸಿರಾಟ ನಿಮಿಷಕ್ಕೆ 16ಕ್ಕಿಂತ ಕಡಿಮೆಯಾಗಿದೆಯೇ, ಮೂತ್ರ ಗಂಟೆಗೆ 30 ಮಿಲಿಲೀಟರಾದರೂ ಬರುತ್ತಿದೆಯೇ ಎಂದು ನೋಡಿಕೊಂಡರೆ ಮತ್ತು ಇದರ ಪರಿಣಾಮ ಅತಿಯಾದರೆ ಇಳಿಸುವ ಕ್ಯಾಲ್ಸಿಯಂ ಗ್ಲುಕೋನೇಟ್ ಕೈಗೆಟಕುವಲ್ಲಿ ಇದ್ದರೆ ಇದು ನಿಭಾಯಿಸಬಹುದಾದ ಔಷಧ. ರೋಣದಿಂದಲೋ ಶಿರಹಟ್ಟಿಯಿಂದಲೋ ಗದಗಿನ ಜಿಮ್ಸ್ ಆಸ್ಪತ್ರೆಗೆ, ಅಲ್ಲಿಂದ ಜನ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಹೋಗಬೇಕಾದವಳಿಗೆ ದಾರಿಯಲ್ಲಿ ರಕ್ಷಣೆ ಕೊಡುವುದು ಆ ಮೊದಲ ಡೋಸೇ. ಯಾವ ಡೋಸ್ ಎಷ್ಟು ಗಂಟೆಗೆ ಕೊಡಲಾಯಿತೆಂದು ಚೀಟಿಯಲ್ಲಿ ಬರೆಯದಿದ್ದರೆ ಮುಂದಿನವರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಎರಡನೆಯ ಖಾಲಿ ಜಾಗ ಹೆರಿಗೆಯ ನಂತರದ್ದು, ನನ್ನ ದೃಷ್ಟಿಯಲ್ಲಿ ಹೆಚ್ಚು ಅಪಾಯಕಾರಿಯಾದದ್ದು. ಕೂಸು ಹುಟ್ಟಿತು, ಇನ್ನೇನು ಭಯ ಎಂದು ಎಲ್ಲರೂ ನಿರಾಳರಾಗುತ್ತಾರೆ. ಆದರೆ ಬಿಪಿ ಬಹುತೇಕ ಅತಿ ಹೆಚ್ಚು ಏರುವುದು ಹೆರಿಗೆಯಾದ ಮೂರರಿಂದ ಆರನೇ ದಿನದೊಳಗೆ. ಸಹಜ ಹೆರಿಗೆಯಾದವಳನ್ನು 48 ಗಂಟೆಗಳ ನಂತರ ಮನೆಗೆ ಕಳಿಸಿರುತ್ತಾರೆ. ಬಸುರಿನಲ್ಲಿ ಬಿಪಿ ಇಲ್ಲದಿದ್ದವರಿಗೂ ಬಾಣಂತನದಲ್ಲಿ ಮೊದಲ ಬಾರಿಗೆ ಫಿಟ್ಸ್ ಬರುವುದುಂಟು. ಬಾಣಂತಿ ತಲೆನೋವು ಎಂದರೆ ತಲೆಗೆ ಗಾಳಿ ಹೊಕ್ಕಿದೆ ಎಂದು ಕಿವಿ ಮುಚ್ಚುವಂತೆ ಬಟ್ಟೆಯನ್ನು ಇನ್ನಷ್ಟು ಬಿಗಿದು ಕಟ್ಟುತ್ತಾರೆ. ಕಟ್ಟಲಿ, ಅದರಿಂದ ಹಾನಿಯಿಲ್ಲ, ಬಿಪಿ ಒಮ್ಮೆ ನೋಡಿಸಿ ಕಟ್ಟಲಿ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಹೋಗಬೇಕೆಂಬ ನಿಯಮವಿದೆ. ಅವಳ ಚೀಲದಲ್ಲಿ ಕೂಸನ್ನು ತೂಗುವ ತಕ್ಕಡಿ, ಥರ್ಮಾಮೀಟರ್ ಇರುತ್ತವೆ. ಸರಿಯಾದ ದಿನಕ್ಕೆ ಸರಿಯಾದ ಮನೆಯನ್ನು ಹೊಕ್ಕವಳ ಕೈಯಲ್ಲಿ ತಾಯಿಯ ಬಿಪಿ ಅಳೆಯುವ ಯಂತ್ರ ಇರುವುದಿಲ್ಲ ಎಂಬುದು ನನಗೆ ಎಂದೂ ಅರ್ಥವಾಗದ ವ್ಯವಸ್ಥೆ.

ಗುಳಿಗೆಗಳ ಬಗ್ಗೆ ಇರುವ ಅಂಜಿಕೆಯನ್ನೂ ಹೇಳಬೇಕು. ಒಮ್ಮೆ ಶುರು ಮಾಡಿದರೆ ಸಾಯುವತನಕ ನುಂಗಬೇಕು ಎಂಬ ಮಾತಿಗೆ ಹೆದರಿ ಡಿಸ್ಚಾರ್ಜ್ ಆದ ಮರುದಿನವೇ ಗುಳಿಗೆ ಬಿಡುವವರಿದ್ದಾರೆ. ಬಸುರಿನಲ್ಲಿ ಬಂದ ಬಿಪಿ ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ಇಳಿಯುತ್ತದೆ, ಗುಳಿಗೆ ಯಾವಾಗ ನಿಲ್ಲಿಸಬೇಕೆಂದು ವೈದ್ಯರೇ ಹೇಳುತ್ತಾರೆ. ಲ್ಯಾಬೆಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪಾ ಬಸುರಿಯರಿಗೆ ಕೊಡಬಹುದಾದವು. ಮನೆಯ ಹಿರಿಯರಿಗೆಂದು ತಂದಿಟ್ಟ ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಎನಾಲಾಪ್ರಿಲ್‌ನಂಥವು ಕೂಸಿನ ಮೂತ್ರಪಿಂಡಕ್ಕೆ ಹಾನಿ ಮಾಡುವುದರಿಂದ ಬಸುರಿಗೆ ಸಲ್ಲವು. ಮೊದಲಿನಿಂದ ಬಿಪಿ ಇರುವವರಿಗೆ ಅಥವಾ ಹಿಂದಿನ ಬಸುರಿನಲ್ಲಿ ತೊಂದರೆಯಾದವರಿಗೆ ನಾಲ್ಕು ತಿಂಗಳು ತುಂಬುವ ಮೊದಲೇ ಸಣ್ಣ ಪ್ರಮಾಣದ ಆಸ್ಪಿರಿನ್ ಆರಂಭಿಸುತ್ತಾರೆ. ಅದಕ್ಕೆ ಬೇಗ ತೋರಿಸಬೇಕು. ಸರ್ಕಾರ ಕೊಡುವ ಕ್ಯಾಲ್ಸಿಯಂ ಗುಳಿಗೆಯೂ ಹಾಲು-ಮೊಸರು ಕಡಿಮೆ ತಿನ್ನುವವರಲ್ಲಿ ಈ ರೋಗವನ್ನು ತಗ್ಗಿಸುವಂಥದ್ದು, ಕಬ್ಬಿಣದ ಗುಳಿಗೆಯ ಜೊತೆ ನುಂಗಬಾರದಷ್ಟೆ. ಉಪ್ಪು ಬಿಟ್ಟು ಸಪ್ಪನೆ ಊಟ ಮಾಡಿಸಿದರೆ ಸಾಕೆಂಬ ನಂಬಿಕೆಗೆ ಮಾತ್ರ ಆಧಾರ ಸಿಕ್ಕಿಲ್ಲ.

ಮನೆಬಾಗಿಲಲ್ಲಿ ಬಿಪಿ ನೋಡುವುದು ನಮ್ಮ ನೆಲಕ್ಕೆ ಹೊಸ ವಿಚಾರವೇನಲ್ಲ. ಪಕ್ಕದ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ 2014ರಿಂದ ನಡೆದ ‘ಕ್ಲಿಪ್’ ಅಧ್ಯಯನದಲ್ಲಿ ಆಶಾ ಕಾರ್ಯಕರ್ತೆಯರು ಮತ್ತು ನರ್ಸ್‌ಗಳು ಮೊಬೈಲ್ ಆ್ಯಪ್ ನೆರವಿನಿಂದ ಬಸುರಿಯರ ಬಿಪಿ ಅಳೆದು, ಅಗತ್ಯವಿದ್ದವರಿಗೆ ಮೀಥೈಲ್‌ಡೋಪಾ ಮತ್ತು ಮೆಗ್ನೀಸಿಯಂ ಸಲ್ಫೇಟ್ ಕೊಟ್ಟು ಆಸ್ಪತ್ರೆಗೆ ಕಳಿಸಿದರು. ಪಾಕಿಸ್ತಾನ ಮತ್ತು ಮೊಜಾಂಬಿಕ್‌ನಲ್ಲೂ ನಡೆದ ಈ ಪ್ರಯೋಗಗಳ ಒಟ್ಟು ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಎಂಟು ಅಥವಾ ಅದಕ್ಕೂ ಹೆಚ್ಚು ಬಾರಿ ಭೇಟಿ ದೊರೆತ ಬಸುರಿಯರಲ್ಲಿ ತೊಂದರೆಗಳು ಕಡಿಮೆ ಇದ್ದವು. ಯಂತ್ರ ಮತ್ತು ಆ್ಯಪ್ ಹಂಚಿದರೆ ಸಾಲದು, ಭೇಟಿ ತಪ್ಪಬಾರದು ಎಂದು ನಾನು ಅದನ್ನು ಓದಿಕೊಳ್ಳುತ್ತೇನೆ.

ಗದಗ, ಹಾವೇರಿ ಮತ್ತು ಧಾರವಾಡ ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿ ನನ್ನ ಕೋರಿಕೆ ಹೀಗಿದೆ. ಕುಬಸದ ದಿನ ಊರಿಗೇ ಗೊತ್ತಿರುತ್ತದೆ. ಅಂದೇ ಆಶಾ ಕಾರ್ಯಕರ್ತೆ ಬಸುರಿಯ ಸರ್ಕಾರಿ ನೋಂದಣಿಯ ಆರ್‌ಸಿಎಚ್ ಸಂಖ್ಯೆಯನ್ನೂ ಕೊನೆಯ ಬಿಪಿಯನ್ನೂ ತವರಿನ ಉಪಕೇಂದ್ರಕ್ಕೆ ಫೋನಿನಲ್ಲಿ ತಿಳಿಸಲಿ, ಜಿಲ್ಲೆ ಬೇರೆಯಾದರೂ ಸರಿ. ತವರಿನ ನರ್ಸ್ ಒಂದು ವಾರದೊಳಗೆ ಆಕೆಯನ್ನು ಕಂಡು ಬಿಪಿ ಮತ್ತು ಮೂತ್ರ ನೋಡಲಿ, ಪ್ರತಿ ತಿಂಗಳ 9ರಂದು ನಡೆಯುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಗೆ ಕರೆತರಲಿ. ಮೂತ್ರ ಪರೀಕ್ಷೆಯ ಪಟ್ಟಿಗಳು ಉಪಕೇಂದ್ರಗಳಲ್ಲಿ ಮುಗಿದುಹೋಗದಂತೆ ನೋಡಿಕೊಳ್ಳಲಿ. ಮನೆಗೆ ಕಳಿಸುವ ದಿನದ ಬಿಪಿಯನ್ನು ಡಿಸ್ಚಾರ್ಜ್ ಚೀಟಿಯ ಮೇಲೆ ದೊಡ್ಡದಾಗಿ ಬರೆಯುವುದನ್ನು ಖಾಸಗಿಯವನ್ನೂ ಸೇರಿಸಿ ಎಲ್ಲ ಹೆರಿಗೆ ಆಸ್ಪತ್ರೆಗಳಿಗೂ ಕಡ್ಡಾಯ ಮಾಡಬೇಕು. ಬಸುರಿಯರಲ್ಲಿ ಸರಿಯಾಗಿ ಅಳೆಯುತ್ತದೆಂದು ಪರೀಕ್ಷಿಸಲಾದ ಡಿಜಿಟಲ್ ಯಂತ್ರವನ್ನು ಆಶಾ ಕಾರ್ಯಕರ್ತೆಯರಿಗೆ ಕೊಟ್ಟು, 3ನೇ ಮತ್ತು 7ನೇ ದಿನದ ಭೇಟಿಯ ನಮೂನೆಯಲ್ಲಿ ತಾಯಿಯ ಬಿಪಿಗೆ ಒಂದು ಅಂಕಣ ಸೇರಿಸಬೇಕು. ಈ ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಗೌರವಧನವನ್ನೂ ಕೊಡಬೇಕು. ಬಸುರಿನಲ್ಲಿ ಬಿಪಿ ಬಂದವರಿಗೆ ಮುಂದೆ ಹೃದ್ರೋಗ ಮತ್ತು ಕಾಯಂ ಬಿಪಿಯ ಸಂಭವ ಉಳಿದವರಿಗಿಂತ ಹೆಚ್ಚಿರುವುದರಿಂದ, 42ನೇ ದಿನದ ಭೇಟಿಯ ನಂತರ ಅವರ ಹೆಸರು ಗಂಡನ ಮನೆಯ ಊರಿನ ಉಪಕೇಂದ್ರದ ಬಿಪಿ-ಸಕ್ಕರೆ ಕಾಯಿಲೆಯ ವಾರ್ಷಿಕ ತಪಾಸಣೆಯ ಪಟ್ಟಿಗೆ ಸೇರಬೇಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಹಿರಿಯ ಮಹಿಳಾ ಆರೋಗ್ಯ ಸಹಾಯಕಿ,
ಶಿರಹಟ್ಟಿ, ಗದಗ ಜಿಲ್ಲೆ